ಮೀಸಲಿನವರು

ಪೆಟ್ಟಿಗೆಯಲ್ಲಿ ಮಲಗಿಸಿದ್ದ ಅತ್ತೆಯ ಕೊರಳಿನಿಂದ ಅಳತೆ ಟೇಪು ಬಿಡಿಸುತ್ತಿದ್ದ ಸೊಸೆಗೆ ಹೊರಗಿನ ಗುಸುಗುಸು ತಟ್ಟನೆ ನಿಂತದ್ದು ಕೇಳಿಸಿತು. ಹೊಲಿಗೆ ಯಂತ್ರದ ಮುಂದೆ ಕೂತಂತೆಯೇ ಮುದುಕಿ ಹೋಗಿಬಿಟ್ಟಿದ್ದಳು. ಸೊಸೆ ಬಾಗಿಲಿಗೆ ಬಂದಳು. ಗೇಟಿನಾಚೆ ಮೂವರು ಸೈನಿಕರು ಟೊಪ್ಪಿ ಕೈಯಲ್ಲಿ ಹಿಡಿದು ನಿಂತಿದ್ದರು. ಶವದ ಪೆಟ್ಟಿಗೆ ಹೊರಲು ಬಂದಿದ್ದ ಬೀದಿಯ ಗಂಡಸರು ಅವರಿಗೆ ಬೆನ್ನು ಹಾಕಿದ್ದರು.

"ಅಮ್ಮನಿಗೆ ನಾವೂ ಹೆಗಲು ಕೊಡ್ತೀವಿ, ತಂಗೀ," ಅಂದ ಹವಾಲ್ದಾರ.

ಪಕ್ಕದ ಮನೆಯ ಬೇಕರಿಯವನು ಸೊಸೆಯ ಹತ್ತಿರ ಬಂದ. "ಅವರು ಮುಟ್ಟಿದ್ರೆ ನಾವು ಮುಟ್ಟಲ್ಲ. ನಾಳೆ ನೀನು ಬಾಳಬೇಕಾದ್ದು ಈ ಬೀದಿಯಲ್ಲಿ, ನೋಡ್ಕೋ."

ದನಿಯಲ್ಲಿ ಸಿಟ್ಟಿರಲಿಲ್ಲ; ಅದೇ ಅವಳನ್ನು ಹೆದರಿಸಿತು. ಗಂಡನಿಲ್ಲದ ಮನೆ, ಇನ್ನು ಅತ್ತೆಯೂ ಇಲ್ಲ. ವರ್ಷದಿಂದ ಹೊಲಿಗೆಗೆಂದು ಒಂದು ತುಂಡು ಬಟ್ಟೆ ಕೊಡದಿದ್ದ ಬೀದಿ, ಸಾವಿನ ನೆಪದಲ್ಲಿ ಇವತ್ತು ಹೊಸ್ತಿಲು ತುಳಿದಿತ್ತು.

*

ಮುಚ್ಚಿಹೋದ ಗಿರಣಿಯಲ್ಲಿ ಮೀಸಲು ಪಡೆ ಬಂದು ಬೀಡುಬಿಟ್ಟಾಗ ಅವರನ್ನು ಸೈನಿಕರೆಂದು ನಂಬುವುದೇ ಕಷ್ಟವಾಗಿತ್ತು. ತಮ್ಮ ಊರುಗಳಲ್ಲಿ ಬಸ್ಸು ಓಡಿಸಿಕೊಂಡೋ ಪಾಠ ಹೇಳಿಕೊಂಡೋ ಇದ್ದು, ಕರೆ ಬಂತೆಂದು ಸಮವಸ್ತ್ರ ತೊಟ್ಟವರು. ಯಾರ ಅಳತೆಯ ಪ್ಯಾಂಟೋ ಯಾರ ಸೊಂಟಕ್ಕೋ. ಬಿಗಿ ಮಾಡಿಸಲು ಅತ್ತೆಯ ಬಾಗಿಲಿಗೆ ಬಂದರು.

"ಮೀಸಲು ಅಂದ್ರೆ ಯಾರಿಗಪ್ಪಾ ಮೀಸಲು?" ಎಂದು ಅತ್ತೆ ಕೇಳಿದಳು.

"ನಿಮಗೇ ಅಮ್ಮಾ," ಎಂದುಬಿಟ್ಟ ಹವಾಲ್ದಾರ.

ತಮಾಷೆಯನ್ನು ಮುದುಕಿ ನಿಜ ಮಾಡಿಕೊಂಡಳು. ನಮಗೇ ಅಂತ ಎತ್ತಿಟ್ಟ ಹುಡುಗರು ಎಂದು ಮನೆಮನೆಗೆ ಹೇಳಿಕೊಂಡು ಬಂದಳು. ಬೀದಿ ನಕ್ಕಿತು, ಅವರನ್ನು ಕೂರಿಸಿ ಚಹಾ ಕೊಟ್ಟಿತು.

ಆಮೇಲೆ ಸಂತೆಯ ಮೈದಾನ ಕವಾಯತಿಗೆ ಬೇಕೆಂದು ಮೇಲಿನಿಂದ ಆಜ್ಞೆ ಬಂತು. ಜನ ಅಡ್ಡ ನಿಂತರು. ದೊಣ್ಣೆ ಬೀಸಿದವರು ಇದೇ ಹುಡುಗರು. ಬೇಕರಿಯವನ ತಮ್ಮನ ಕಾಲು ಮುರಿಯಿತು. ಇನ್ನು ಅವರ ಬಟ್ಟೆ ಬೇಡವೆಂದು ಸೊಸೆ ಅಂಗಲಾಚಿದಳು. ಅತ್ತೆ ತುಟಿ ಬಿಚ್ಚಲಿಲ್ಲ, ಹೊಲಿಗೆಯನ್ನೂ ಬಿಡಲಿಲ್ಲ. ಬೀದಿ ಅವಳಿಗೆ 'ದಂಡಿನಜ್ಜಿ' ಎಂದು ಹೆಸರಿಟ್ಟು ಮುಖ ತಿರುಗಿಸಿತು.

*

"ಇವರ ತಮ್ಮನ ಕಾಲು ಮುರಿದೋರು ಯಾರು?" ಸೊಸೆ ಗೇಟಿಗೆ ಹೋಗಿ ಕೇಳಿದಳು.

ಹವಾಲ್ದಾರ ಬೇಕರಿಯವನನ್ನು ನೋಡಿದ. "ನಾನೇ."



"ಅತ್ತೆಗೆ ಗೊತ್ತಿತ್ತಾ?"

"ಅವತ್ತೇ ಹೇಳಿದೆ. ಕೆನ್ನೆಗೆ ಬಾರಿಸಿದ್ರು. ಆಮೇಲೆ, ತೋಳು ಹರಿದಿದೆ, ಅಂಗಿ ಬಿಚ್ಚು ಅಂದ್ರು. ಹೊಲಿದುಕೊಟ್ಟು, ಹೋಗಿ ಬೇಕರಿಯವರ ಮುಂದೆ ಒಪ್ಕೋ ಅಂದ್ರು. ಇಲ್ಲಿಗೆ ಬಂದಾಗೆಲ್ಲ ಕೇಳೋರು, ಹೋಗಿದ್ಯೇನೋ ಅಂತ. ನನಗೆ ಕಾಲೇ ಬರಲಿಲ್ಲ."

ಬೇಕರಿಯವನು ಗೇಟು ದಾಟಿದ. ಹಿಂದೆಯೇ ಉಳಿದವರೂ ಹೊರಟರು. ಅಣ್ಣಾ ಎಂದು ಒಂದು ಸಲ ಕೂಗಿದ್ದರೆ ನಿಲ್ಲುತ್ತಿದ್ದನೇನೋ. ಸೊಸೆ ಕೂಗಲಿಲ್ಲ. ಒಳಗಿದ್ದ ಮುದುಕಿ ವರ್ಷವಿಡೀ ಒಬ್ಬಳೇ ಹೊತ್ತದ್ದು ಏನೆಂದು ಅವಳಿಗೆ ಈಗಷ್ಟೇ ತಿಳಿದಿತ್ತು.

"ನೀವು ಮೂವರು," ಅಂದಳು. "ಇನ್ನೊಂದು ಮೂಲೆ ನಾನು ಹಿಡೀತೀನಿ."

ಪೆಟ್ಟಿಗೆ ಎತ್ತಿದಾಗ ಅವಳ ಹೆಗಲು ಅವರ ಹೆಗಲಿಗಿಂತ ಎಷ್ಟೋ ಕೆಳಗಿತ್ತು. ಭಾರವೆಲ್ಲ ಅವಳ ಕಡೆಗೇ ಜಾರಿತು. ಹವಾಲ್ದಾರ ಮಂಡಿ ಬಗ್ಗಿಸಿದ; ಅವನನ್ನು ನೋಡಿ ಉಳಿದಿಬ್ಬರೂ ಬಗ್ಗಿಸಿದರು. ಮುಚ್ಚಿದ ಬಾಗಿಲುಗಳ ನಡುವೆ ಆ ಎತ್ತರದ ಗಂಡಸರು ಅರ್ಧ ಕೂತವರಂತೆ, ಅವಳ ಹೆಗಲಿನ ಮಟ್ಟಕ್ಕೇ ನಡೆಯತೊಡಗಿದರು.