ಕೇಳಿಸಿಕೊಳ್ಳುವ ಪಾಠ

ಚಿತ್ರಕಲೆಯ ಟೀಚರಿಗೆ ಕೆಲಸವೇ ಇಲ್ಲ ಎಂಬ ನಂಬಿಕೆ ಆ ಶಾಲೆಯಲ್ಲಿ ಮೊದಲಿನಿಂದಲೂ ಇತ್ತು. ಹಾಗಾಗಿ ಎಂಟು, ಒಂಬತ್ತನೇ ತರಗತಿಯ ಮಕ್ಕಳಿಗೆ ಜೀವನ ಕೌಶಲದ ಪಾಠ ಶುರುಮಾಡಬೇಕೆಂದು ಮೇಲಿನಿಂದ ಆದೇಶ ಬಂದಾಗ ಹೆಡ್‌ಮಾಸ್ಟರು ಹೆಚ್ಚು ಯೋಚಿಸದೆ ಅದನ್ನು ಅವರ ಕೊರಳಿಗೆ ಕಟ್ಟಿದರು. ಟೀಚರು ತರಬೇತಿಗೆ ಹೋಗಿ ಒಂದು ಕೈಪಿಡಿ ಹಿಡಿದುಕೊಂಡು ಬಂದರು. ಬದುಕುವುದು ಹೇಗೆಂದು ಗೊತ್ತಾಗುವಷ್ಟರಲ್ಲಿ ತಮ್ಮ ತಲೆ ಬೋಳಾಯಿತು, ನೀವು ವಾರಕ್ಕೊಂದು ಪೀರಿಯಡ್ಡಿನಲ್ಲಿ ಕಲಿಸಿಬಿಡುತ್ತೀರಾ ಎಂದು ಗಣಿತದ ಮೇಷ್ಟ್ರು ಸ್ಟಾಫ್‌ರೂಮಿನಲ್ಲಿ ನಗೆಯಾಡಿದರು. ಮಕ್ಕಳು 'ಬದುಕು ಟೀಚರ್' ಎಂದು ಹೆಸರಿಟ್ಟರು.

ಟೀಚರಿಗೆ ಆ ಹೆಸರು ಕಿವಿಗೆ ಬಿದ್ದಾಗ ಒಳಗೊಳಗೇ ಖುಷಿಯಾಯಿತು. ಇಷ್ಟು ವರ್ಷ ಸೇಬು, ಹೂದಾನಿ, ಸೂರ್ಯೋದಯ ಬರೆಸಿ ಬೇಸತ್ತಿದ್ದ ಅವರು ಈ ಪಾಠಕ್ಕೆ ಮನಸ್ಸಿಟ್ಟರು. ಬೆಂಚುಗಳನ್ನು ಗೋಡೆಗೆ ಸರಿಸಿ ಮಕ್ಕಳನ್ನು ನೆಲದ ಮೇಲೆ ಸುತ್ತ ಕೂರಿಸುತ್ತಿದ್ದರು. ಕೋಪ ಬಂದಾಗ ಏನು ಮಾಡಬೇಕು, ಇಷ್ಟವಿಲ್ಲದ್ದನ್ನು ಇಲ್ಲ ಎನ್ನುವುದು ಹೇಗೆ, ಭಯವಾದರೆ ಯಾರಿಗೆ ಹೇಳಬೇಕು ಎಂಬುದನ್ನೆಲ್ಲ ಆಟದ ಹಾಗೆ ಆಡಿಸುತ್ತಿದ್ದರು. ಮೊದಮೊದಲು ಕಿಸಿಕಿಸಿ ನಗುತ್ತಿದ್ದ ಮಕ್ಕಳು ಬರಬರುತ್ತಾ ಆ ಪೀರಿಯಡ್ಡಿಗೆ ಕಾಯತೊಡಗಿದರು.

ಒಂಬತ್ತನೇ ತರಗತಿಯಲ್ಲಿ ಇಬ್ಬರು ಅವಳಿ ಹುಡುಗಿಯರಿದ್ದರು. ನೋಡಲು ಒಬ್ಬಳ ಹಾಗೆ ಇನ್ನೊಬ್ಬಳಿರಲಿಲ್ಲ. ಒಂದು ಗಳಿಗೆ ಮುಂಚೆ ಹುಟ್ಟಿ ಜನ್ಮಕ್ಕೇ ಅಕ್ಕನಾದವಳು ಎತ್ತರಕ್ಕಿದ್ದಳು, ಮಾತು ಕಡಿಮೆ. ತರಗತಿಯವರೆಲ್ಲ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಇನ್ನೊಬ್ಬಳು ಪುಟ್ಟಿ. ಅರಳು ಹುರಿದಂತೆ ಮಾತಾಡುವವಳು, ಅಷ್ಟೇ ಬೇಗ ಅಳುವವಳು. ಪುಟ್ಟಿಯ ಪೆನ್ನು, ಪುಟ್ಟಿಯ ಜ್ಯಾಮಿಟ್ರಿ ಬಾಕ್ಸು, ಪುಟ್ಟಿಯ ಜಗಳ ಎಲ್ಲವೂ ಅಕ್ಕನ ಜವಾಬ್ದಾರಿ.

ಅವರ ಅಪ್ಪ ಕಬ್ಬಿಣದ ಬೀರು ತಯಾರಿಸುವ ಕಾರ್ಖಾನೆಯಲ್ಲಿ ತಗಡು ಬಡಿಯುವ ಕೆಲಸದವನು. ವರ್ಷಾನುಗಟ್ಟಲೆ ಆ ಸದ್ದಿನಲ್ಲೇ ಇದ್ದು ಅವನ ಕಿವಿ ಮಂದವಾಗಿತ್ತು. ಕಿವಿಗೆ ಮಿಷನ್ನು ಹಾಕಿಸಿದರೆ ಮಾತಿಗಿಂತ ಗದ್ದಲವೇ ಜಾಸ್ತಿ ಕೇಳಿಸುತ್ತದೆಂದು ತೆಗೆದಿಟ್ಟಿದ್ದ. ಅಮ್ಮ ಬಟ್ಟೆ ಅಂಗಡಿಯಲ್ಲಿ ಸೀರೆ, ಚೂಡಿದಾರ ತೋರಿಸುವವಳು. ದಿನವಿಡೀ ಗಿರಾಕಿಗಳ ಜೊತೆ ಮಾತಾಡಿ ಸೋತ ಗಂಟಲಿನಲ್ಲಿ ಮನೆಗೆ ಬಂದು ಮತ್ತೆ ಕಿರುಚಬೇಕಿತ್ತು. ಊಟಕ್ಕೆ ಬನ್ನಿ ಎಂದು ಕಿರುಚಬೇಕು, ಜ್ವರ ಇದೆಯಾ ಎಂದು ಕಿರುಚಬೇಕು. ಪ್ರೀತಿಯ ಮಾತನ್ನೂ ಬೀದಿಗೆ ಕೇಳುವಂತೆ ಹೇಳಬೇಕಾದ ಮನೆಯಲ್ಲಿ ಯಾವುದು ಮಾತು, ಯಾವುದು ಬೈಗುಳ ಎಂಬುದು ಮೆಲ್ಲಗೆ ಕಲಸಿಹೋಯಿತು. ಅಕ್ಕ ಮಾತ್ರ ಎಂದೂ ಕಿರುಚುತ್ತಿರಲಿಲ್ಲ. ಎದುರಿಗೆ ಕೂತು, ತುಟಿಯನ್ನು ಬಿಡಿಬಿಡಿಯಾಗಿ ಆಡಿಸಿ ಹೇಳುತ್ತಿದ್ದಳು. ಅಪ್ಪನಿಗೆ ಅವಳ ಮಾತು ಪೂರಾ ತಿಳಿಯುತ್ತಿತ್ತು.

ಟೀಚರಿಗೆ ಇದೆಲ್ಲ ಆಗ ಗೊತ್ತಿರಲಿಲ್ಲ. ತೀರ್ಮಾನ ತೆಗೆದುಕೊಳ್ಳುವುದರ ಬಗ್ಗೆ ಪಾಠ ನಡೆದ ದಿನ ಅವರು ಬೋರ್ಡಿನ ನಡುವೆ ಗೆರೆ ಎಳೆದು, ಒಂದು ಕಡೆ ಲಾಭ, ಇನ್ನೊಂದು ಕಡೆ ನಷ್ಟ ಬರೆಸುತ್ತಿದ್ದರು. ತಾನಾಗಿ ಎಂದೂ ಬಾಯಿ ಬಿಡದ ಅಕ್ಕ ಎದ್ದು ನಿಂತಳು.

"ಟೀಚರ್, ನಾವು ಮಾಡೋದರಿಂದ ಒಬ್ಬರಿಗೆ ಒಳ್ಳೇದಾಗಿ ಇನ್ನೊಬ್ಬರಿಗೆ ನಷ್ಟ ಆದ್ರೆ, ಅದನ್ನ ಯಾವ ಕಡೆ ಬರೀಬೇಕು?"

ಒಳ್ಳೆಯ ಪ್ರಶ್ನೆ ಎಂದರು ಟೀಚರು. ಯಾರಿಗೆ ನಿನ್ನ ಅಗತ್ಯ ಹೆಚ್ಚೋ ಅವರನ್ನು ಮೊದಲು ನೋಡಬೇಕು ಎಂದರು. ಉದಾಹರಣೆ ಕೊಡುವಷ್ಟರಲ್ಲಿ ಗಂಟೆ ಹೊಡೆಯಿತು. ಅಕ್ಕ ತಲೆಯಾಡಿಸಿ ಕೂತಳು.

ಕೆಲವು ವಾರಗಳ ನಂತರ ಕೇಳಿಸಿಕೊಳ್ಳುವ ಪಾಠ ಬಂತು. ಮಕ್ಕಳು ಇಬ್ಬಿಬ್ಬರಾಗಿ ಎದುರುಬದುರು ಕೂರಬೇಕು. ಒಬ್ಬರು ತಮ್ಮ ಮನಸ್ಸಿನಲ್ಲಿರುವ ಒಂದು ವಿಷಯ ಹೇಳಬೇಕು. ಇನ್ನೊಬ್ಬರು ನಡುವೆ ಬಾಯಿ ಹಾಕದೆ, ಬುದ್ಧಿ ಹೇಳದೆ, ಮುಖ ತಿರುಗಿಸದೆ ಕೊನೆಯವರೆಗೂ ಕೇಳಬೇಕು. ಸಾಮಾನ್ಯವಾಗಿ ಟೀಚರು ಅವಳಿಗಳನ್ನು ಜೋಡಿ ಮಾಡುತ್ತಿರಲಿಲ್ಲ. ಅಂದು ಪುಟ್ಟಿಯ ಗೆಳತಿ ಬಂದಿರಲಿಲ್ಲ. ತಂಗಿಯ ಜೊತೆ ತಾನೇ ಕೂರುತ್ತೇನೆಂದು ಅಕ್ಕ ಕೇಳಿದಳು. ಆಗಲಿ ಎಂದರು.

ಕೋಣೆಯ ತುಂಬಾ ಪಿಸುಮಾತು. ಟೀಚರು ಜೋಡಿಗಳ ನಡುವೆ ಓಡಾಡುತ್ತಿದ್ದರು. ಒಬ್ಬ ಹುಡುಗ ಆಕಳಿಸುತ್ತಿದ್ದ, ಒಬ್ಬಳು ಕೇಳುವ ಬದಲು ತಾನೇ ಕತೆ ಹೇಳುತ್ತಿದ್ದಳು. ಕಿಟಕಿಯ ಪಕ್ಕದಲ್ಲಿ ಅಕ್ಕ ತುಟಿಯನ್ನು ಬಿಡಿಬಿಡಿಯಾಗಿ ಆಡಿಸುತ್ತಾ ಸಣ್ಣ ದನಿಯಲ್ಲಿ ಏನೋ ಹೇಳುತ್ತಿದ್ದಳು. ಪುಟ್ಟಿ ಎರಡೂ ಕೈಯನ್ನು ಮಡಿಲಲ್ಲಿಟ್ಟುಕೊಂಡು, ಎವೆ ಮಿಟುಕಿಸದೆ, ಬಾಯಿ ಬಿಗಿಹಿಡಿದು ಕೂತಿದ್ದಳು. ಅರೆಗಳಿಗೆ ಸುಮ್ಮನಿರದ ಹುಡುಗಿ ಹಾಗೆ ಕೂತಿದ್ದು ಕಂಡು ಟೀಚರಿಗೆ ಅಭಿಮಾನ ಉಕ್ಕಿಬಂತು. ಚಪ್ಪಾಳೆ ತಟ್ಟಿ ಎಲ್ಲರನ್ನೂ ಆ ಕಡೆ ತಿರುಗಿಸಿದರು.

"ಪುಟ್ಟೀನ ನೋಡಿ. ಕೇಳಿಸ್ಕೊಳ್ಳೋದು ಅಂದ್ರೆ ಹೀಗೆ."

ಎಲ್ಲರೂ ನೋಡಿದರು. ಪುಟ್ಟಿ ಆಗಲೂ ಅಲುಗಲಿಲ್ಲ. ಗಂಟೆ ಹೊಡೆದ ಮೇಲೆ ಎದ್ದು, ಚಪ್ಪಲಿ ಹಾಕಿಕೊಳ್ಳದೆ ಹೊರಗೆ ಹೋದಳು. ನೀರಿನ ನಲ್ಲಿಯ ಹತ್ತಿರ ಗೋಡೆಗೆ ಮುಖ ಮಾಡಿ ನಿಂತಿದ್ದವಳನ್ನು ಟೀಚರು ಹುಡುಕಿ ಹಿಡಿದರು. ತುಂಬಾ ಹೊತ್ತಿನ ಮೇಲೆ ಅವಳಿಂದ ವಿಷಯ ಹೊರಗೆ ಬಂತು. ಅಪ್ಪ ಅಮ್ಮ ಬೇರೆಯಾಗುತ್ತಿದ್ದಾರೆ. ಅಪ್ಪ ಬೇರೆ ಊರಿನಲ್ಲಿ ಸ್ವಂತ ವರ್ಕ್‌ಶಾಪ್ ಹಾಕುತ್ತಿದ್ದಾನೆ. ಯಾರ ಜೊತೆ ಇರಬೇಕೆಂದು ನೀವೇ ತೀರ್ಮಾನ ಮಾಡಿ ಎಂದು ಇಬ್ಬರೂ ಮಕ್ಕಳಿಗೆ ಹೇಳಿದ್ದಾರೆ. ತಾವಿಬ್ಬರೂ ಅಮ್ಮನ ಜೊತೆಗೇ ಎಂದುಕೊಂಡಿದ್ದಳು ಪುಟ್ಟಿ. ಅಕ್ಕ ಈಗ, ಪಾಠದಲ್ಲಿ, ತಾನು ಅಪ್ಪನ ಜೊತೆ ಹೋಗುವುದಾಗಿ ಹೇಳಿದಳು.

"ಮನೇಲಿ ಹೇಳಿದ್ರೆ ನೀನು ಹೇಳೋಕೆ ಬಿಡಲ್ಲ, ಅದಕ್ಕೆ ಇಲ್ಲಿ ಹೇಳ್ತೀನಿ ಅಂದಳು ಅಕ್ಕ, ಟೀಚರ್. ನಡುವೆ ಮಾತಾಡಬಾರದು ಅಂತ ನೀವು ಹೇಳಿದ್ರಲ್ಲ. ನಾನು ಮಾತಾಡಲಿಲ್ಲ."

ಆ ಸಂಜೆ ಟೀಚರು ಬಟ್ಟೆ ಅಂಗಡಿಗೆ ಹೋದರು. ಬಾಗಿಲು ಹಾಕುವ ಹೊತ್ತು. ಅಮ್ಮ ಗಿರಾಕಿಗಳು ಕೆದರಿ ಹೋದ ಸೀರೆಗಳನ್ನು ಮಡಿಸುತ್ತಿದ್ದಳು. ಮಡಿಸುತ್ತಲೇ ಕೇಳಿಸಿಕೊಂಡಳು. ಟೀಚರು ಹೇಳಬೇಕೆಂದುಕೊಂಡಿದ್ದು ಒಂದೇ ಮಾತು. ಅದು ಮಕ್ಕಳ ತಲೆಗೆ ಕಟ್ಟುವ ತೀರ್ಮಾನವಲ್ಲ, ದೊಡ್ಡವರು ಕೂತು ಬಗೆಹರಿಸಬೇಕಾದದ್ದು. ಅಮ್ಮ ಸಿಟ್ಟಾಗಲಿಲ್ಲ. ನಾವು ಅವರ ಮೇಲೆ ಏನನ್ನೂ ಹೇರಬಾರದು ಅಂದುಕೊಂಡೆವು ಎಂದಳು. ನಿಮ್ಮ ಬದುಕಿನ ತೀರ್ಮಾನ ನೀವೇ ಮಾಡಬೇಕು ಅಂತ ಟೀಚರ್ ಹೇಳಿಕೊಟ್ಟಿದ್ದಾರೆ ಎಂದು ದೊಡ್ಡವಳೇ ಮನೆಯಲ್ಲಿ ನೋಟ್‌ಬುಕ್ಕಿನಿಂದ ಓದಿ ಹೇಳಿದ್ದಳಂತೆ. ಕೇಳಿ ಗಂಡನೂ ತಾನೂ ಎಷ್ಟು ಬುದ್ಧಿ ಬಂದಿದೆ ಮಕ್ಕಳಿಗೆ ಎಂದುಕೊಂಡಿದ್ದರಂತೆ. ಬಹಳ ದಿನದ ಮೇಲೆ ಅವರಿಬ್ಬರೂ ಒಪ್ಪಿದ ಮಾತು ಅದೊಂದೇ ಆಗಿತ್ತು.

"ಈಗ ಬೇಡ ಅಂದ್ರೆ, ನಿನ್ನ ಮಾತಿಗೆ ಬೆಲೆ ಇಲ್ಲ ಅಂದಂಗಾಗುತ್ತೆ ಅಲ್ವಾ ಟೀಚರ್?" ಎಂದು ಅಮ್ಮ ಕೇಳಿದಳು. ನಿಜವಾಗಿಯೂ ಉತ್ತರ ಬೇಕಾಗಿ ಕೇಳಿದ್ದಳು. ದೊಡ್ಡವಳನ್ನು ತಾನೊಮ್ಮೆ ಮಾತಾಡಿಸಿ ನೋಡುತ್ತೇನೆ ಎಂದರು ಟೀಚರು.

ಮರುದಿನ ಅಕ್ಕನನ್ನು ಕರೆದು ಮಾತಾಡಿಸಿದರು. ಅವಳು ನೆಲ ನೋಡುತ್ತಾ, ಯೋಚನೆ ಮಾಡಿಯೇ ತೀರ್ಮಾನಿಸಿದ್ದೇನೆ ಎಂದಳು. ಹಾಗೆಂದು ಹೇಳುವಾಗ ಅವಳ ದನಿ ಎಷ್ಟು ಗಟ್ಟಿಯಾಗಿತ್ತೆಂದರೆ ಟೀಚರು ಅದನ್ನು ನಂಬಿಬಿಟ್ಟರು. ಮುಂದಿನ ತಿಂಗಳು ಅಪ್ಪ ಬಂದು ಅಕ್ಕನ ಟಿ.ಸಿ. ತೆಗೆದುಕೊಂಡು ಹೋದ.

ಪುಟ್ಟಿ ಶಾಲೆಗೆ ಬರುತ್ತಿದ್ದಳು, ಆದರೆ ಮಾತು ನಿಂತಿತ್ತು. ಬದುಕು ಟೀಚರ ಪೀರಿಯಡ್ಡಿನಲ್ಲಿ ಗೋಡೆಗೆ ಒರಗಿ ಕೂತು ಉಗುರು ಕಚ್ಚುತ್ತಿದ್ದಳು. ಯಾರ ಜೊತೆಗೂ ಜೋಡಿಯಾಗುತ್ತಿರಲಿಲ್ಲ. ಅಕ್ಕ ಸಂಜೆ ಫೋನ್ ಮಾಡಿದರೆ ಅಮ್ಮನೇ ಮಾತಾಡಬೇಕು, ಇವಳು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಳ್ಳುವಳು. ಅವಳಿಗೆ ಅಪ್ಪನೇ ಹೆಚ್ಚು, ನಾನಲ್ಲ ಎಂದು ಒಮ್ಮೆ ಗೆಳತಿಯ ಹತ್ತಿರ ಹೇಳಿದ್ದಳು.

ಒಂದು ದಿನ ಊಟದ ಬಿಡುವಿಗೆ ಸ್ವಲ್ಪ ಮುಂಚೆ ಟೀಚರು ಆಫೀಸಿಗೆ ಹೋದಾಗ ಪುಟ್ಟಿ ಅಲ್ಲಿನ ಫೋನ್ ಹಿಡಿದು ನಿಂತಿದ್ದಳು. ಮಾತಾಡುತ್ತಿರಲಿಲ್ಲ. ಆ ಕಡೆಯಿಂದ ಬರುವ ದನಿಯನ್ನು ಕೇಳಿ ಮೆಲ್ಲಗೆ ಇಟ್ಟುಬಿಟ್ಟಳು. ಯಾರಿಗೆ ಎಂದು ಟೀಚರು ಕೇಳಿದರು. ಮುಚ್ಚಿಡಲು ಅವಳಿಂದಾಗಲಿಲ್ಲ.

"ಅಪ್ಪನ ವರ್ಕ್‌ಶಾಪಿಗೆ. ಅಕ್ಕನೇ ಎತ್ತೋದು. 'ಹೇಳಿ, ಏನ್ ಆರ್ಡರ್ ಇತ್ತು' ಅಂತಾಳೆ."

"ಈ ಹೊತ್ತಲ್ಲಿ ಶಾಲೆ ಇರುತ್ತಲ್ಲ?"

"ಯಾವಾಗ ಮಾಡಿದ್ರೂ ಅವಳೇ ಎತ್ತುತ್ತಾಳೆ ಟೀಚರ್."

ಅಕ್ಕ ಶಾಲೆಗೆ ಹೋಗುತ್ತಿಲ್ಲವೆಂಬುದು ಅಮ್ಮನಿಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಸೀರೆಯ ರಾಶಿಯ ಪಕ್ಕದಲ್ಲಿ ಹಾಗೇ ಕೂತುಬಿಟ್ಟಳು. ತಾನು ಹೋದರೆ ಜಗಳವಾಗುತ್ತದೆ, ನೀವೇ ಹೋಗಿ ಬನ್ನಿ, ಪುಟ್ಟಿಯನ್ನೂ ಕರೆದುಕೊಂಡು ಹೋಗಿ ಎಂದಳು.

ಭಾನುವಾರ ಇಬ್ಬರೂ ಬಸ್ಸು ಹತ್ತಿದರು. ವರ್ಕ್‌ಶಾಪ್ ಎಂದರೆ ಊರಾಚೆಯ ರಸ್ತೆಯಲ್ಲಿ ಸಾಲಾಗಿದ್ದ ಶೆಡ್ಡುಗಳಲ್ಲಿ ಒಂದು. ಮುಂದೆ ಬಣ್ಣ ಹಚ್ಚದ ಬೀರುಗಳು ನಿಂತಿದ್ದವು. ಒಳಗೆ ಅಪ್ಪ ಬೆನ್ನು ತಿರುಗಿಸಿಕೊಂಡು ತಗಡು ಬಡಿಯುತ್ತಿದ್ದ. ಅಕ್ಕ ಸ್ಟೂಲಿನ ಮೇಲೆ ಕೂತು ಫೋನಿನಲ್ಲಿ ಯಾರಿಗೋ ಅಳತೆ ಹೇಳುತ್ತಿದ್ದಳು. ಗದ್ದಲದ ಮೇಲೆ ದನಿಯೇರಿಸಿ ಕಿರುಚುತ್ತಿದ್ದಳು. ಆ ದನಿ ಒಡೆದುಹೋಗಿತ್ತು. ಇವರನ್ನು ಕಂಡವಳೇ ಫೋನ್ ಇಟ್ಟು, ಎದ್ದು, ಲಂಗಕ್ಕೆ ಕೈ ಒರೆಸಿಕೊಂಡಳು.

ಅಪ್ಪ ತಿರುಗಿ ನೋಡಿ ಸುತ್ತಿಗೆ ಇಟ್ಟ. ಟೀಚರು ಕೇಳಬೇಕಾದ್ದನ್ನು ಅಕ್ಕನೇ ತುಟಿಯಲ್ಲಿ ಅವನಿಗೆ ದಾಟಿಸಬೇಕಾಯಿತು. ಅವಳ ಬಗ್ಗೆ ಅವಳ ಬಾಯಿಂದಲೇ. ಶಾಲೆಗೆ ಯಾಕೆ ಸೇರಿಸಲಿಲ್ಲ ಎಂಬುದಕ್ಕೆ ಬಂದಾಗ ಅವಳು ನಿಲ್ಲಿಸಿಬಿಟ್ಟಳು. ಆದರೂ ಅವನಿಗೆ ಅರ್ಥವಾಯಿತು.

"ನಾನು ಕರೀಲಿಲ್ಲ ಟೀಚರ್," ಎಂದ ಅವನು, ಕಿವಿ ಕೇಳದವರ ಎತ್ತರದ ದನಿಯಲ್ಲಿ. "ಅವಳೇ ಬಂದಳು. ಬರಬೇಡ ಅನ್ನಬೇಕಿತ್ತು. ಬಾಯಿ ಬರಲಿಲ್ಲ. ನಾಳೆ ಸೇರಿಸ್ತೀನಿ, ನಾಳೆ ಸೇರಿಸ್ತೀನಿ ಅಂತ ದಿನ ಹೋಯ್ತು."

ಟೀಚರು ಅಕ್ಕನ ಕಡೆ ತಿರುಗಿದರು. ನಿನಗೆ ಇಲ್ಲಿಂದ ವಾಪಸ್ ಬರಬೇಕು ಅನ್ನಿಸಿಲ್ಲವೇ ಎಂದು ಕೇಳಿದರು. ಅವಳು, ತೀರ್ಮಾನ ತೆಗೆದುಕೊಂಡ ಮೇಲೆ ಅದಕ್ಕೆ ಕಟ್ಟುಬಿದ್ದು ನಿಲ್ಲಬೇಕು ಅಂತ ನೀವೇ ಹೇಳಿದ್ದಿರಲ್ಲ ಎಂದಳು. ಅದರಲ್ಲಿ ಆಕ್ಷೇಪಣೆ ಇರಲಿಲ್ಲ, ಪಾಠ ಒಪ್ಪಿಸಿದ ಹಾಗಿತ್ತು. ತಪ್ಪೆಂದು ಗೊತ್ತಾದ ತೀರ್ಮಾನವನ್ನು ಬಿಡುವುದೂ ಒಂದು ಪಾಠವೇ, ಅದನ್ನು ನಾನು ಹೇಳಿಕೊಡಲಿಲ್ಲ ಎಂದರು ಟೀಚರು.

ಪುಟ್ಟಿ ಅದುವರೆಗೆ ಬಾಗಿಲಲ್ಲೇ ನಿಂತಿದ್ದಳು.

"ನಿನಗೆ ಅಪ್ಪ ಅಂದ್ರೆ ಜಾಸ್ತಿ ಇಷ್ಟ," ಎಂದಳು.

ಅಕ್ಕ ತಲೆ ಅಲ್ಲಾಡಿಸಿದಳು. "ಅಪ್ಪಂಗೆ ಯಾರಾದ್ರೂ ಬೇಕಿತ್ತು. ನೀನು ಅಮ್ಮನ್ನ ಬಿಟ್ಟು ಒಂದಿನ ಇರ್ತಿರಲಿಲ್ಲ. ನಿನಗೆ ಅಮ್ಮ ಬೇಕಿತ್ತು."

"ನನಗೆ ನೀನು ಬೇಕಿತ್ತು," ಎಂದಳು ಪುಟ್ಟಿ. "ನನ್ನ ಒಂದು ಮಾತು ಕೇಳಬೇಕಿತ್ತು ಅಕ್ಕ. ನೀನು ಹೇಳಿದೆ ಅಷ್ಟೆ. ಕೇಳಲಿಲ್ಲ."

ಅಕ್ಕನ ಮುಖ ಚಿಕ್ಕ ಮಗುವಿನ ಮುಖದ ಹಾಗೆ ಕುಸಿಯಿತು. ಅವಳು ಅಳುವುದನ್ನು ಟೀಚರು ಮೊದಲ ಸಲ ನೋಡಿದರು. ಬಹುಶಃ ತಂಗಿಯೂ ಮೊದಲ ಸಲವೇ ನೋಡುತ್ತಿದ್ದಳು. ಯಾಕೆಂದರೆ ಪುಟ್ಟಿಗೆ ಏನು ಮಾಡಬೇಕೋ ತಿಳಿಯಲಿಲ್ಲ. ಆಮೇಲೆ ಹತ್ತಿರ ಹೋಗಿ ತನ್ನ ದುಪಟ್ಟಾದ ತುದಿಯಿಂದ ಅಕ್ಕನ ಮೂಗು ಒರೆಸಿದಳು. ಅಪ್ಪ ಯಾರ ತುಟಿಯನ್ನೂ ಓದಲಾಗದೆ ಇಬ್ಬರ ಮುಖವನ್ನೂ ನೋಡುತ್ತಾ ನಿಂತಿದ್ದ.

ಬಾ ಎಂದು ಪುಟ್ಟಿ ಕರೆದಳು. ಅಕ್ಕ ಅಪ್ಪನ ಕಡೆ ನೋಡಿದಳು, ಫೋನಿನ ಕಡೆ ನೋಡಿದಳು, ಬರಲಿಲ್ಲ. ಶಾಲೆಗೆ ಸೇರಿಸುತ್ತೇನೆಂದು ಅಪ್ಪ ಟೀಚರಿಗೆ ಕೈಮುಗಿದು ಮಾತು ಕೊಟ್ಟ. ಆ ಮಾತನ್ನು ಅವನು ಉಳಿಸಿಕೊಂಡ. ಹೊಸ ವರ್ಷ ಶಾಲೆ ತೆರೆದಾಗ ಅಕ್ಕ ಆ ಊರಲ್ಲೇ ಮತ್ತೆ ಒಂಬತ್ತನೇ ತರಗತಿಗೆ ಸೇರಿದಳು. ಪುಟ್ಟಿ ಇಲ್ಲಿ ಹತ್ತಕ್ಕೆ ಹೋದಳು. ಸಂಜೆಯ ಫೋನಿಗೆ ಪುಟ್ಟಿ ಬಚ್ಚಲಿನಿಂದ ಹೊರಗೆ ಬರತೊಡಗಿದಳು, ಆದರೆ ಇಬ್ಬರಿಗೂ ಹೇಳಲು ಬಹಳವೇನೂ ಇರುತ್ತಿರಲಿಲ್ಲ.

ವರ್ಕ್‌ಶಾಪಿನಿಂದ ಮರಳಿದ ಆ ಭಾನುವಾರ ಸಂಜೆ ಬಸ್ಸು ಇಳಿದಾಗ ಅಮ್ಮ ನಿಲ್ದಾಣದ ಕಂಬದ ಹತ್ತಿರ ಕಾಯುತ್ತಿದ್ದಳು. ಇಳಿದವರು ಇಬ್ಬರೇ ಎಂಬುದನ್ನು ಕಂಡಳು. ಬಸ್ಸು ಖಾಲಿಯಾಗುವವರೆಗೂ ಬಾಗಿಲ ಕಡೆಯೇ ನೋಡಿ, ಆಮೇಲೆ ಟೀಚರ ಹತ್ತಿರ ಬಂದಳು.

"ತೆಳ್ಳಗಾಗಿದ್ದಾಳಾ?"

"ಸ್ವಲ್ಪ."

"ನನ್ನ ಬಗ್ಗೆ ಏನಾದ್ರೂ ಅಂದಳಾ? ಬೈದಳಾ?"

ಇಲ್ಲ ಎಂದರು ಟೀಚರು. ಒಂದು ಮಾತೂ ಆಡಲಿಲ್ಲ, ಅಮ್ಮನ ಗಂಟಲು ಈಗ ಹೇಗಿದೆ ಎಂದು ಮಾತ್ರ ಕೇಳಿದಳು ಎಂದರು.

ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಬೈದಿದ್ರೆ ಚೆನ್ನಾಗಿತ್ತು ಟೀಚರ್," ಎಂದಳು. "ಬೈಯೋ ಮಕ್ಕಳು ವಾಪಸ್ ಬರ್ತಾರೆ."

ಪುಟ್ಟಿ ಆಗಲೇ ಮನೆಯ ದಾರಿ ಹಿಡಿದು ಮುಂದೆ ಹೋಗುತ್ತಿದ್ದಳು. ಅಮ್ಮ ಅವಳ ಹಿಂದೆ ಬೇಗಬೇಗ ಹೆಜ್ಜೆ ಹಾಕಿದಳು.