ಎಲೆ ಮೂಸುವ ದೊಡ್ಡಪ್ಪ

ದೊಡ್ಡಪ್ಪನ ಕೈಗೆ ಎಲೆ ಕೊಟ್ಟವರು ಆಮೇಲೆ ತುಟಿ ಬಿಚ್ಚುವಂತಿರಲಿಲ್ಲ. ಹೆಬ್ಬೆರಳು ತೋರುಬೆರಳುಗಳ ನಡುವೆ ಅದನ್ನು ಹೊಸೆದು, ಕಣ್ಣು ಮುಚ್ಚಿ, ಮೊದಲು ಎಡ ಹೊಳ್ಳೆಗೆ, ಆಮೇಲೆ ಬಲ ಹೊಳ್ಳೆಗೆ ಹಿಡಿದು, ಸಮಾಧಿಯಿಂದ ಎದ್ದವರಂತೆ ಒಂದು "ಹೂಂ" ಎಂದ ಮೇಲೆಯೇ ಗಿಡಕ್ಕೆ ಹೆಸರು ದಕ್ಕುತ್ತಿತ್ತು.

ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತರಾದವರು. ಕಂದು ಕೋಟಿನ ಜೇಬಿನ ತುಂಬ ಒಣಗಿದ ಎಲೆಗಳ ಪುಡಿ. ನಡಿಗೆಯೋ, ಸದಾ ಯಾರದೋ ಬೇಲಿಯ ಕಡೆ ವಾಲಿದ ನಡಿಗೆ. "ಹೂವು ವೇಷ ಹಾಕತ್ತೆ ಕಣೇ, ಎಲೆ ಸುಳ್ಳು ಹೇಳಲ್ಲ" ಎಂದು ತಮ್ಮನ ಮಗಳಿಗೆ ಅವಳು ಲಂಗ ತೊಡುವ ಕಾಲದಿಂದ ಪಾಠ ಹೇಳಿದ್ದರು. ಅವಳು ಅದನ್ನೇ ವೇದವಾಕ್ಯವೆಂದು ನಂಬಿ, ಅದೇ ಶಾಸ್ತ್ರ ಓದಿ, ಈಗ ತಾನೂ ಕಲಿಸುತ್ತಿದ್ದಾಳೆ. ಬೀದಿಯವರೂ ನಂಬಿದ್ದರು. ಹಿತ್ತಿಲಲ್ಲಿ ಏನು ಹುಟ್ಟಿದರೂ ಒಂದು ಎಲೆ ಕಿತ್ತು ತರುವರು. ತಿನ್ನಬಹುದು ಎಂದರೆ ಮಕ್ಕಳಿಗೂ ತಿನ್ನಿಸುವರು.

ಆ ಭಾನುವಾರ ಅವಳು ಊಟಕ್ಕೆ ಬಂದಾಗ ದೊಡ್ಡಮ್ಮ ಸೊಪ್ಪು ಹೆಚ್ಚುತ್ತಿದ್ದರು. ತೋಟದ ನಲ್ಲಿಯ ಪಕ್ಕ ತಾನಾಗಿ ಎದ್ದ ಗಿಡವಂತೆ. ದೊಡ್ಡಮ್ಮ ಎಲೆಯೊಂದನ್ನು ತೋರಿಸಿ ಕೇಳಿದ್ದಕ್ಕೆ, ಕಾಡು ಕ್ಯಾರೆಟ್ಟು, ತಿನ್ನಬಹುದು ಎಂಬ ದೊಡ್ಡಪ್ಪನ ತೀರ್ಪು ಬಂದಿತ್ತು. ಅಭ್ಯಾಸಬಲದಿಂದ ಅವಳೂ ಒಂದು ಎಲೆ ಹೊಸೆದು ಮೂಸಿದಳು. ಇಲಿಗೂಡಿನ ನಾತ ಮೂಗಿಗೆ ರಪ್ಪನೆ ಬಡಿಯಿತು. ಕಾಂಡ ನೋಡಿದಳು: ಕ್ಯಾರೆಟ್ಟಿಗಿರುವ ರೋಮವಿಲ್ಲ, ನುಣ್ಣಗಿದೆ, ಮೇಲೆ ನೇರಳೆ ಮಚ್ಚೆ. ಇದು ಕ್ಯಾರೆಟ್ಟಿನಂತೆಯೇ ಕಾಣುವ, ಮನುಷ್ಯರನ್ನು ಕೊಲ್ಲುವ ವಿಷದ ಗಿಡ.

"ದೊಡ್ಡಮ್ಮ, ಚಾಕು ಕೆಳಗಿಡಿ. ಬಾಯಿಗೇನಾದ್ರೂ ಹಾಕ್ಕೊಂಡ್ರಾ?"

"ಇಲ್ವಲ್ಲೇ. ಇನ್ನೂ ಬೇಯಿಸೇ ಇಲ್ಲ."

ಕೈ ತೊಳೆಯಲು ಅವರನ್ನು ಕಳಿಸಿ, ಅವಳು ಎಲೆ ಹಿಡಿದು ವರಾಂಡಕ್ಕೆ ಬಂದಳು. ದೊಡ್ಡಪ್ಪ ಹೊಸೆದರು, ಮೂಸಿದರು.

"ಹೂಂ. ಕ್ಯಾರೆಟ್ಟಿನ ಘಮ. ಯಾಕೆ, ಅನುಮಾನಾನಾ?"

ಅಷ್ಟು ನಾತಕ್ಕೂ ಆ ಮುಖದ ಒಂದು ಗೆರೆ ಅಲುಗಲಿಲ್ಲ.

"ದೊಡ್ಡಪ್ಪ, ನಿಮಗೆ ವಾಸನೆ ಬರ್ತಾ ಇದೆಯಾ?"

ಅವರು ಅಡುಗೆಮನೆಯ ಕಡೆ ನೋಡಿ ದನಿ ಇಳಿಸಿದರು. "ಆ ದೊಡ್ಡ ಜ್ವರ ಬಂತಲ್ಲ, ಆವಾಗಿಂದ ಇಲ್ಲ."

ಜ್ವರ ಬಂದಾಗ ಅವಳಿನ್ನೂ ವಿದ್ಯಾರ್ಥಿನಿ. ಆಮೇಲೆ ಆ ಮೂಗಿನೆದುರು ಬಂದ ಎಲೆಗಳೆಷ್ಟು, ಅದನ್ನು ನಂಬಿ ಉಂಡ ಮನೆಗಳೆಷ್ಟು!

"ಅದು ವಿಷ, ದೊಡ್ಡಪ್ಪ. ದೊಡ್ಡಮ್ಮ ಅದನ್ನ ಒಲೆ ಮೇಲೆ ಇಡೋದ್ರಲ್ಲಿದ್ರು."

ಅವರ ಮುಖ ಸುಣ್ಣದಂತಾಯಿತು. ಅವಳು ಕಾದಳು; ಹೆಂಡತಿ ಹೇಗಿದ್ದಾಳೆ ಎಂದು ಕೇಳುತ್ತಾರೆ ಅಂದುಕೊಂಡಳು.

"ಬೀದಿಯವರಿಗೆ ಹೇಳ್ತೀಯಾ?" ಎಂದರು.

ಕ್ರೂರಿಯಲ್ಲ ಅವರು, ಹೆಂಡತಿಗೆ ತಲೆನೋವು ಬಂದರೆ ತಾವು ಉಪವಾಸ ಇರುವ ಮನುಷ್ಯ. ಆದರೆ ಊರಿಗೆಲ್ಲ ಉತ್ತರ ಹೇಳುತ್ತ ಮುಪ್ಪಾದವರ ಜಾತಿಯೇ ಹಾಗೆ. ಮೂಗು ಹೋದರೆ ತಡೆದುಕೊಂಡಾರು, ಕಣ್ಣು ಹೋದರೂ ತಡೆದುಕೊಂಡಾರು. "ನನಗೆ ಗೊತ್ತಿಲ್ಲ" ಎನ್ನುವ ಬದಲು, ಪ್ರೀತಿಯಿಂದಲೇ, ಮನೆಯವರ ತಟ್ಟೆಗೆ ವಿಷ ಬಡಿಸಿಯಾರು.