ಟಿಲ್ಲರಿನ ಮೇಲೆ ಕೂತ ಆಬಾಸಾಹೇಬ

ಕಾಗವಾಡದ ಹತ್ತಿರ ಲಗಮಣ್ಣನಿಗೆ ಎರಡು ಹೊಲ. ಕೆಳಗಿನದು ಕಪ್ಪು ಮಣ್ಣು, ಅಲ್ಲಿ ಕಬ್ಬು ಬೆಳೆಯುತ್ತದೆ. ಮೇಲಿನದು ಮಡ್ಡಿ. ಅಲ್ಲಿ ಗರಸು, ಗರಸಿನೊಳಗೆ ಕಲ್ಲು, ಕಲ್ಲಿನ ಕೆಳಗೆ ಇನ್ನೂ ದೊಡ್ಡ ಕಲ್ಲು. ಲಗಮಣ್ಣನ ಅಜ್ಜ ಅಲ್ಲಿ ರಂಟೆ ಮುರಿದ. ಅಪ್ಪ ಕುಂಟೆ ಮುರಿದ. ಈ ವರ್ಷ ಲಗಮಣ್ಣನ ಎತ್ತು ಅಲ್ಲೇ ಕಾಲು ಉಳುಕಿಸಿಕೊಂಡು ಕೊಟ್ಟಿಗೆ ಸೇರಿತು.

ಅವನ ಹೆಂಡತಿ ಕಸ್ತೂರೆವ್ವನಿಗೆ ಆ ಮಡ್ಡಿಯಲ್ಲಿ ಶೇಂಗಾ ಬಿತ್ತಬೇಕೆಂಬ ಆಸೆ. ಬೀಜ ಆರಿಸಿ ಬುಟ್ಟಿ ತುಂಬಿಟ್ಟಿದ್ದಳು. ಮಳೆ ಬಿದ್ದು ಹೊಲ ಹದಕ್ಕೆ ಬಂದಿತ್ತು. ಇನ್ನೆರಡು ದಿನ ಬಿಸಿಲು ಬಿದ್ದರೆ ಹದ ಹೋಗುತ್ತಿತ್ತು, ಈ ವರ್ಷವೂ ಮಡ್ಡಿ ಬೀಳಾಗುತ್ತಿತ್ತು.

ಬಿಸಿಲಿಗಿಂತ ದೊಡ್ಡ ಹೆದರಿಕೆ ಆಬಾಸಾಹೇಬನದು. ಅವನು ಕಸ್ತೂರೆವ್ವನ ತಮ್ಮ, ನಿಪ್ಪಾಣಿಯವನು, ಮೈಯಲ್ಲಿ ದಪ್ಪ. ಅಕ್ಕನನ್ನು ನೋಡಿಕೊಂಡು ಹೋಗಲು ಬಂದವನು ಶೇಂಗಾ ಬುಟ್ಟಿಯ ಪಕ್ಕದಲ್ಲೇ ಹಾಸಿಗೆ ಹಾಸಿಕೊಂಡಿದ್ದ.

“ಲೇ ಆಬಾ, ಅದು ಬಿತ್ತೂ ಬೀಜ ಐತಿ.”

“ಬಿತ್ತೂಕಿಂತ ಮೊದಲ ರುಚಿ ನೋಡಬಾರದೇನಬೇ ಅಕ್ಕಾ?”

ಕಸ್ತೂರೆವ್ವ ಬುಟ್ಟಿಯನ್ನು ಅಟ್ಟದ ಮೇಲಿಟ್ಟು ನೆರೆಮನೆಯ ರಾಜಮತಿಯ ಹತ್ತಿರ ಹೋದಳು. ರಾಜಮತಿಯ ಗಂಡ ಪಾರಿಸ ಸಾಂಗಲಿಯಲ್ಲಿ ವ್ಯಾಪಾರ ನೋಡಿಕೊಳ್ಳುತ್ತಿದ್ದ. ಇಲ್ಲಿಯ ದ್ರಾಕ್ಷಿ ತೋಟದ ಕಾರಭಾರ ಎಲ್ಲ ಅವಳದೇ. ಬಳ್ಳಿಯ ಸಾಲುಗಳ ನಡುವೆ, ಹಿಡಿ ಹಿಡಿದು ಹಿಂದೆ ನಡೆಯುತ್ತ ಉಳುವ ಸಣ್ಣ ಟಿಲ್ಲರನ್ನು ಅವಳೇ ಹೊಡೆಯುತ್ತಿದ್ದಳು.

“ಒಯ್ಯಿರಿ,” ಎಂದಳು ರಾಜಮತಿ. “ಆದ್ರ ನಾಳೆ ಸಂಜಿಗೆ ಅದು ಜುಗೂಳಕ್ಕ ನಮ್ಮ ತವರಮನಿಗೆ ಹೋಗಬೇಕು. ನಮ್ಮ ತಮ್ಮ ಭೂಪಾಲ ಒಯ್ಯಾಕ ಬರ್ತಾನ.”

ಟಿಲ್ಲರ್ ತರಲು ಲಗಮಣ್ಣ ಹೆಂಡತಿಯ ಜೊತೆ ಬಂದಾಗ ಅವಳು ಅವನನ್ನು ನಿಲ್ಲಿಸಿ ಹೇಳಿದಳು.

“ಲಗಮಣ್ಣಾ, ಮೊದಲ ಕಲ್ಲು ಆರಸು. ಮುಷ್ಟಿಕಿಂತ ದೊಡ್ಡ ಕಲ್ಲು ಒಂದೂ ಇರಬಾರದು. ಕಬ್ಬಣದ ಹಾರಿ ಊರಿ ನೋಡು. ಒಳಗ ಹಾಸಗಲ್ಲ ಸಿಕ್ರ ಅಲ್ಲಿ ಕಟಗಿ ನಡು. ಆ ಜಾಗಾ ಬಿಟ್ಟು ಹೊಡಿ.”

“ವೈನಿ, ಕಲ್ಲ ಇದ್ರ ಹೊಲಕ್ಕ ತಂಪು. ನಮ್ಮ ಮುತ್ಯಾ ಹೇಳತಿದ್ದ.”

“ಸಣ್ಣವು ಇರಲಿ, ತಂಪಿಗೆ. ನಿಮ್ಮ ಮುತ್ಯಾನ ರಂಟಿ ಮುರದಾವಲ್ಲ, ಅವನ್ನ ತಗಿ.”

“ಹುಟ್ಟಿದಾಗಿಂದ ಎತ್ತ ಹೊಡದೇನ್ರಿ. ಇದಕ್ಕ ಕೋಡಿಲ್ಲ, ಇದು ಒದಿಯೂದೂ ಇಲ್ಲ.”

“ಎತ್ತಿಗೆ ‘ಹೋ’ ಅಂದ್ರ ನಿಂದರತೈತಿ. ಇದಕ್ಕ ಕಿವಿ ಇಲ್ಲ. ಇಲ್ಲಿ ನೋಡು, ಇದು ಕ್ಲಚ್. ಹಿಂದಕ್ಕ ಜಗ್ಗಿದ್ರ ನಿಂದರತೈತಿ. ಮತ್ತ ಧೋತರ ಉಟ್ಟು ಹೊಡಿಬ್ಯಾಡ. ಚಣ್ಣ ಹಾಕ್ಕೋ, ಕಾಲಾಗ ಬೂಟ ಹಾಕ್ಕೋ.”

ಲಗಮಣ್ಣ ಆಕಾಶ ನೋಡಿದ. ಕಸ್ತೂರೆವ್ವ ಕ್ಲಚ್ ನೋಡಿದಳು.

ಮರುದಿನ ಬೆಳಿಗ್ಗೆ ಲಗಮಣ್ಣ ಧೋತರ ಉಟ್ಟುಕೊಂಡು, ಎತ್ತು ಹೊಡೆಯುವ ಬಾರಕೋಲನ್ನು ಸೊಂಟಕ್ಕೆ ಸಿಗಿಸಿಕೊಂಡು ಮಡ್ಡಿಗೆ ಬಂದ. ಟಿಲ್ಲರಿಗೆ ಬಾರಕೋಲು ಯಾತಕ್ಕೆ ಎಂದು ಯಾರೂ ಕೇಳಲಿಲ್ಲ. ಕಲ್ಲನ್ನೂ ಯಾರೂ ಆರಿಸಿರಲಿಲ್ಲ.

ಟಿಲ್ಲರ್ ಸ್ವಲ್ಪ ದೂರ ನೆಟ್ಟಗೆ ಹೋಯಿತು. ಆಮೇಲೆ ‘ಟಣ್’ ಎಂದು ಜಿಗಿಯಿತು.

“ಹೋ! ಹೋ! ಹೋ ನನ್ನ ರಾಜಾ!”

ರಾಜ ಕೇಳಲಿಲ್ಲ. ಮತ್ತೊಂದು ಕಲ್ಲಿಗೆ ಮತ್ತೊಮ್ಮೆ ಜಿಗಿಯಿತು. ಲಗಮಣ್ಣ ಹೇಗೋ ನಿಲ್ಲಿಸಿ ಹಿಂದೆ ತಿರುಗಿ ನೋಡಿದ. ಕೋಳಿ ಕೆದರಿದಷ್ಟೂ ಮಣ್ಣು ಎದ್ದಿರಲಿಲ್ಲ.

“ಭಾರ ಸಾಲವಲ್ಲದು,” ಎಂದ.

ಕುಂಟೆ ಮಣ್ಣಿಗೆ ಇಳಿಯದಿದ್ದರೆ ನಮ್ಮ ಕಡೆ ಎಲ್ಲರೂ ಒಂದೇ ಕೆಲಸ ಮಾಡುತ್ತಾರೆ. ಅದರ ಮೇಲೆ ಕಲ್ಲು ಹೇರುತ್ತಾರೆ, ಇಲ್ಲವೇ ಮನೆಯವರಲ್ಲಿ ಒಬ್ಬರನ್ನು ಕೂರಿಸುತ್ತಾರೆ. ಲಗಮಣ್ಣ ಬದುವಿನ ಕಡೆ ನೋಡಿದ. ಆಬಾಸಾಹೇಬ ಕಿಸೆಯಿಂದ ಶೇಂಗಾ ತೆಗೆದು ತಿನ್ನುತ್ತ ಕೂತಿದ್ದ.

“ಆಬಾ, ಬಾರಲೇ. ಇಲ್ಲಿ ಕುಂಡ್ರು.”

“ಎಲ್ಲಿ ದಾಜಿ?”

“ಈ ತಗಡಿನ ಮ್ಯಾಲ.”

“ತಗಡಿನ ಕೆಳಗ ಏನೈತಿ?”

“ಬ್ಲೇಡ್ ಅದಾವು.”

“ನಾ ಈಗ ಉಂಡೇನಿ ದಾಜಿ. ಭಾಳ ಭಾರ ಆಕ್ಕೇನಿ.”

“ಭಾರಕ್ಕಂತನ ಕರಿಯಾಕತ್ತೇನಿ.”

ಕಸ್ತೂರೆವ್ವ ಓಡಿ ಬಂದಳು. “ಏನ್ರೀ ಇದು? ರಾಜಮತಿ ಅಕ್ಕ ಹಿಂಗ ಹೇಳಿಲ್ಲಲ್ಲ!”

“ಆಕಿ ದ್ರಾಕ್ಷಿ ತ್ವಾಟದಾಕಿ. ಮಡ್ಡಿ ನನಗ ಗೊತ್ತೈತಿ. ನೀ ಸರಿ ಅತ್ತಾಗ.”

ಆಬಾಸಾಹೇಬ ಗೋಣಿಚೀಲ ಹಾಸಿಕೊಂಡು ಲಗಮಣ್ಣನಿಗೆ ಎದುರಾಗಿ ಕೂತ. ಇಬ್ಬರೂ ಮೂಗಿಗೆ ಮೂಗು ತಾಗುವಷ್ಟು ಹತ್ತಿರವಾದರು. ಟಿಲ್ಲರ್ ಹೊರಟಿತು. ಈ ಸಲ ಬ್ಲೇಡು ಆಳಕ್ಕೆ ಇಳಿಯಿತು. ಲಗಮಣ್ಣ ನಕ್ಕ. ಆಬಾಸಾಹೇಬನೂ ನಕ್ಕ. ಆಗ ಬ್ಲೇಡಿಗೆ ಹಾಸುಗಲ್ಲು ಸಿಕ್ಕಿತು.

ಆಬಾಸಾಹೇಬ ಹಾರಿ ಬದುವಿನ ಜಾಲಿಕಂಟಿಯಲ್ಲಿ ಬಿದ್ದ. ಟಿಲ್ಲರ್ ಓರೆಯಾಗಿ ಓಡಿತು. ಲಗಮಣ್ಣ, ಎತ್ತು ಬೆದರಿದಾಗ ಹಗ್ಗ ಹಿಡಿಯುವ ಹಾಗೆ, ಹಿಡಿಯನ್ನು ಗಟ್ಟಿಯಾಗಿ ಹಿಡಿದು ಹಿಂದಕ್ಕೆ ಜೋತುಬಿದ್ದ. ಅವನ ಧೋತರದ ಚುಂಗು ಬ್ಲೇಡಿಗೆ ಸಿಕ್ಕು ಸುತ್ತತೊಡಗಿತು. ಧೋತರ ಕಡಿಮೆಯಾಗುತ್ತ ಬಂದಂತೆ ಲಗಮಣ್ಣ ಬ್ಲೇಡಿಗೆ ಹತ್ತಿರವಾಗುತ್ತ ಹೋದ.

“ಹೋ! ಹೋ! ಹೋ!”

ಕಸ್ತೂರೆವ್ವ ನುಗ್ಗಿ ಬಂದು ಕ್ಲಚ್ ಎಳೆದಳು. ಟಿಲ್ಲರ್ ನಿಂತಿತು.

ಎಂಜಿನ್ ಮಾತ್ರ ಗುಡುಗುತ್ತಲೇ ಇತ್ತು. ಲಗಮಣ್ಣ ಧೋತರ ಬಿಡಿಸಿಕೊಳ್ಳಲು ಬ್ಲೇಡಿಗೆ ಕೈ ಹಾಕಿದ.

“ಕೈ ತಗಿಯೋ!”

ಸದ್ದು ಬದಲಾದದ್ದನ್ನು ಕೇಳಿ ತೋಟದಿಂದ ಓಡಿ ಬಂದಿದ್ದ ರಾಜಮತಿ ಕೂಗಿದಳು. ಎಂಜಿನ್ ಬಂದ್ ಮಾಡಿದಳು. ಏದುಸಿರು ನಿಂತ ಮೇಲೆ ಹೇಳಿದಳು: “ಕ್ಲಚ್ ಜಾರಿದ್ರ ಬ್ಲೇಡ್ ತಿರಗತೈತಿ. ಎಂಜಿನ್ ಬಂದ್ ಆಗೂತನಕ ಬೆರಳ ಸೈತ ಒಳಗ ಹಾಕಬ್ಯಾಡ.”

ಧೋತರ ಚಿಂದಿಚಿಂದಿಯಾಗಿ ಹೊರಗೆ ಬಂತು. ಲಗಮಣ್ಣ ಪಟ್ಟೆಪಟ್ಟೆ ಚಣ್ಣದಲ್ಲಿ ನಿಂತಿದ್ದ.

“ಈಗ ಅರವಿ ಬರೋಬರ್ ಐತಿ ನೋಡು,” ಎಂದಳು ರಾಜಮತಿ.

ಎರಡು ಬ್ಲೇಡು ಬಾಗಿದ್ದವು. ರಾಜಮತಿ ಬೇರೆ ತಂದು ಹಾಕಿ ಬೋಲ್ಟು ಬಿಗಿದಳು. ಹೊತ್ತು ನೆತ್ತಿಗೆ ಬಂದಿತ್ತು. ಕಸ್ತೂರೆವ್ವ ಒಂದು ಹಿಡಿ ಮಣ್ಣು ತೆಗೆದು ಹಿಚುಕಿ ನೋಡಿದಳು. ಹದ ಇನ್ನೂ ಇತ್ತು. ಖಾಲಿ ಬುಟ್ಟಿ ತಂದು ಗಂಡನ ಮುಂದಿಟ್ಟಳು. ಲಗಮಣ್ಣ ಮೊದಲ ಕಲ್ಲು ಹಾಕಿದ.

ಧೋತರವಿಲ್ಲದ ಲಗಮಣ್ಣನನ್ನು ನೋಡಲು ಅಕ್ಕಪಕ್ಕದ ಹೊಲದವರು ಬಂದರು. ಬಂದವರ ಕೈಗೆಲ್ಲ ಕಸ್ತೂರೆವ್ವ ಬುಟ್ಟಿ ಕೊಟ್ಟಳು. ಆಬಾಸಾಹೇಬನಿಗೆ ಕೂರಲು ಆಗುತ್ತಿರಲಿಲ್ಲ, ಆದ್ದರಿಂದ ಅವನೂ ಆರಿಸಿದ. ರಾಜಮತಿ ಹಾರಿಯಿಂದ ಚುಚ್ಚುತ್ತ, ಹಾಸುಗಲ್ಲು ಸಿಕ್ಕಲ್ಲೆಲ್ಲ ಕಟ್ಟಿಗೆ ನೆಟ್ಟಳು.

ಅಷ್ಟು ಜನ ಸೇರಿದ್ದಕ್ಕೆ ಕಲ್ಲು ಬೇಗ ಬದುವಿಗೆ ಬಿದ್ದವು. ಲಗಮಣ್ಣ ಅವರಿವರ ಬೂಟು ಹಾಕಿಕೊಂಡು ಟಿಲ್ಲರ್ ಹಿಡಿದ. ನೋಡುವವರನ್ನೆಲ್ಲ ರಾಜಮತಿ ದೂರ ನಿಲ್ಲಿಸಿದಳು.

“ಸಾವಕಾಶ ಗೇರಿನಾಗ ಹೊಡಿ. ಮೊದಲನೇ ಸಾರಿ ನಾಕ ಬೆರಳ ಆಳ ಸಾಕು. ಎರಡನೇ ಸಾರಿ ಇನ್ನೊಂದೀಟು. ಹಿಡಿ ಮ್ಯಾಲ ಭಾರ ಹಾಕಬ್ಯಾಡ. ಜಿಗದ್ರ ಕ್ಲಚ್ ಜಗ್ಗು.”

ಒಂದು ಕಡೆ ಮತ್ತೆ ಜಿಗಿಯಿತು. ಲಗಮಣ್ಣನ ಬಾಯಿ ‘ಹೋ’ ಅಂದಿತು. ಆದರೆ ಕೈ ಕ್ಲಚ್ ಎಳೆದಿತ್ತು.

ಸಂಜೆಗೆ ಮಡ್ಡಿ ಮುಗಿಯಿತು. ಕಟ್ಟಿಗೆ ನೆಟ್ಟ ಜಾಗ ಮಾತ್ರ ಅಲ್ಲಲ್ಲಿ ಉಳಿಯಿತು. ಅಷ್ಟು ಬಿಟ್ಟಿದ್ದು ಒಳ್ಳೆಯದೇ ಆಯಿತು. ಆಬಾಸಾಹೇಬ ತಿಂದು ಉಳಿಸಿದ್ದ ಬೀಜ ಮಿಕ್ಕ ಹೊಲಕ್ಕೆ ಸರಿಹೋಗುವಂತಿತ್ತು.

“ನಾಳೆ ನಸಕಿನ್ಯಾಗ ಬಿತ್ತೂಣ್ರಿ,” ಎಂದಳು ಕಸ್ತೂರೆವ್ವ.

ಟಿಲ್ಲರ್ ಒಯ್ಯಲು ಜುಗೂಳದಿಂದ ಭೂಪಾಲ ಬಂದ. ಲಗಮಣ್ಣ ಅವನ ಭುಜ ಹಿಡಿದು ನಿಲ್ಲಿಸಿದ.

“ಸಾವಕಾರ್ರ, ನಿಮಗೊಂದ ಮಾತ ಹೇಳತೇನಿ. ಮೊದಲ ಕಲ್ಲು ಆರಸರಿ. ಮತ್ತ ಧೋತರ ಉಟ್ಟು ಇದನ್ನ ಹೊಡಿಬ್ಯಾಡ್ರಿ.”

ಭೂಪಾಲ ಅವನನ್ನು ಮೇಲಿಂದ ಕೆಳಗೆ ನೋಡಿದ. “ಹೌದ್ರಿ,” ಎಂದ. ಯಾಕೆ ಎಂದು ಕೇಳಲಿಲ್ಲ.

ಇದನ್ನು ಓದುತ್ತಿರುವವರೇ, ಕೇಳುತ್ತಿರುವವರೇ, ನಿಮ್ಮ ಊರಿಗೂ ಟಿಲ್ಲರ್ ಬಂದಿರಬಹುದು. ನಿಮ್ಮ ಹೊಲದಲ್ಲೂ ಕಲ್ಲಿರಬಹುದು. ಮೊದಲು ಕಲ್ಲು ತೆಗೆಯಿರಿ, ತೆಗೆಯಲಾಗದ್ದಕ್ಕೆ ಗುರುತು ಹಾಕಿ. ಹದ ನೋಡಿ, ಮೇಲೆ ಮೇಲೆ ಹೊಡೆದು ಆಮೇಲೆ ಆಳಕ್ಕೆ ಇಳಿಸಿ. ಜೋತಾಡುವ ಬಟ್ಟೆ ಬೇಡ. ಟಿಲ್ಲರಿನ ಮೇಲೆ ಯಾರನ್ನೂ ಕೂರಿಸಬೇಡಿ, ಹೆಂಡತಿಯ ತಮ್ಮನನ್ನೂ ಬೇಡ, ಬೀಗರನ್ನೂ ಬೇಡ. ಹೊಡೆಯುವವರು ಒಬ್ಬರೇ ಆದರೂ ಕ್ಲಚ್ ಎಲ್ಲಿದೆ ಎಂಬುದನ್ನು ಮನೆಯ ಹೆಣ್ಣುಮಕ್ಕಳಿಗೂ ತೋರಿಸಿ. ಬ್ಲೇಡಿನಲ್ಲಿ ಏನೇ ಸಿಕ್ಕಿಕೊಳ್ಳಲಿ, ಎಂಜಿನ್ ನಿಲ್ಲಿಸದೆ ಮುಟ್ಟಬೇಡಿ. ನಿಲ್ಲಿಸಲು ಬೇಕಾಗುವುದು ಒಂದು ಕೈ. ಅದು ಇರುವಾಗಲೇ ನಿಲ್ಲಿಸಿ.